8891ರ ಗುಟ್ಟು: ನಕಲಿ ಬ್ಲೂಟೂತ್ ಡಾಂಗಲ್ ಮತ್ತು ಲಿನಕ್ಸ್ ಡ್ರೈವರ್

ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಯುಎಸ್‌ಬಿ ಬ್ಲೂಟೂತ್ ಡಾಂಗಲ್. ಬೆಲೆ ಕೆಲವೇ ನೂರು ರೂಪಾಯಿ. ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಟ್ಟರೆ 0ಎ12:0001 ಎಂಬ ಗುರುತು, ಅದರ ಪಕ್ಕದಲ್ಲಿ ಕೇಂಬ್ರಿಜ್ ಸಿಲಿಕಾನ್ ರೇಡಿಯೊ ಎಂಬ ಹೆಸರು. ಸಿಎಸ್‌ಆರ್ ಎಂದೇ ಹೆಸರಾಗಿದ್ದ ಇಂಗ್ಲೆಂಡಿನ ಈ ಕಂಪನಿಯನ್ನು ಕ್ವಾಲ್‌ಕಾಮ್ 2015ರಲ್ಲಿ ಕೊಂಡುಕೊಂಡಿತು. ಅದರ ಗುರುತು ಹೊತ್ತ ಅಗ್ಗದ ಡಾಂಗಲ್‌ಗಳು ಮಾತ್ರ ಬರುತ್ತಲೇ ಇವೆ. ಅವುಗಳಲ್ಲಿ ಎಷ್ಟೋ ಡಾಂಗಲ್‌ಗಳ ಒಳಗಿರುವುದು ಬೇರೆ ಯಾರದೋ ಚಿಪ್.

ಇದು ಸಾಧ್ಯವಾಗುವುದು ಯುಎಸ್‌ಬಿಯ ಮುಗ್ಧತೆಯಿಂದ. ಸಾಧನವನ್ನು ಸಿಕ್ಕಿಸಿದ ಕೂಡಲೇ ಕಂಪ್ಯೂಟರು ‘ನೀನು ಯಾರು’ ಎಂದು ಕೇಳುತ್ತದೆ. ಸಾಧನ ಎರಡು ಸಂಖ್ಯೆ ಹೇಳುತ್ತದೆ: ತಯಾರಕರದ್ದೊಂದು, ಉತ್ಪನ್ನದ್ದೊಂದು. ಅದನ್ನು ನೋಡಿ ಕಾರ್ಯಾಚರಣಾ ವ್ಯವಸ್ಥೆ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ, ಆರಿಸುತ್ತದೆ. ಆ ಸಂಖ್ಯೆಗೆ ಸಹಿ ಇಲ್ಲ, ಮೊಹರಿಲ್ಲ. ಹಳೆಯ, ಎಲ್ಲರಿಗೂ ಗೊತ್ತಿರುವ ಸಂಖ್ಯೆಯನ್ನು ಎರವಲು ಪಡೆದರೆ ಹೊಸ ಡ್ರೈವರ್ ಬರೆಸುವ ಗೋಜಿಲ್ಲ.

ತೊಂದರೆ ಶುರುವಾಗುವುದು ಆಮೇಲೆ. 0ಎ12:0001 ಮೂಲತಃ ಬ್ಲೂಟೂತ್ 1.1ರ ಕಾಲದ ಸಾಧನದ ಗುರುತು. ಲಿನಕ್ಸ್‌ನ ‘ಬಿಟಿಯುಎಸ್‌ಬಿ’ ಡ್ರೈವರ್ ಅದನ್ನು ನಂಬಿ, ಆ ಮುದಿ ಚಿಪ್‌ಗೆ ಬೇಕಾದ ಉಪಚಾರವನ್ನೆಲ್ಲ ಹೊಸ ನಕಲಿಗೂ ಮಾಡುತ್ತಿತ್ತು. ಸಾಲದ್ದಕ್ಕೆ, ‘ಯಾವ ಯಾವ ಕಮಾಂಡ್ ಗೊತ್ತು’ ಎಂದು ಕೇಳಿದರೆ ನಕಲಿ ಚಿಪ್ ಬಾರದ್ದಕ್ಕೂ ಬರುತ್ತದೆಂದು ತಲೆಯಾಡಿಸುತ್ತದೆ. ನಿಜಕ್ಕೂ ಆ ಕಮಾಂಡ್ ಕಳಿಸಿದಾಗ ಗರ ಬಡಿದಂತೆ ಕೂತುಬಿಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಲಾಗ್‌ನಲ್ಲಿ ‘ಮೈನಸ್ 110’ ಕಾಣುತ್ತದೆ. ಕಾದು ಕಾದು ಉತ್ತರ ಬರಲಿಲ್ಲ ಎಂದು ಅರ್ಥ. ಬಳಕೆದಾರರಿಗೆ ಕಾಣುವುದು ಇಷ್ಟೇ: ಬ್ಲೂಟೂತ್ ಆನ್ ಆಗುತ್ತಿಲ್ಲ.

ಹಾಗಾದರೆ ಅಸಲಿ ಯಾವುದು? ಹೊರಗಿನ ಗುರುತು ಎರಡರಲ್ಲೂ ಒಂದೇ. ಹಾಗಾಗಿ ಡ್ರೈವರ್ ಒಂದು ಹೆಜ್ಜೆ ಒಳಗೆ ಹೋಗಿ ಬ್ಲೂಟೂತ್ ಭಾಷೆಯಲ್ಲೇ ಆವೃತ್ತಿ ವಿಚಾರಿಸುತ್ತದೆ. ಉತ್ತರದಲ್ಲಿ ತಯಾರಕರ ಸಂಕೇತ, ಬ್ಲೂಟೂತ್ ಆವೃತ್ತಿ, ‘ಎಚ್‌ಸಿಐ ರಿವಿಷನ್’ ಮತ್ತು ‘ಎಲ್‌ಎಂಪಿ ಸಬ್‌ವರ್ಷನ್’ ಎಂಬ ಇನ್ನೆರಡು ಆವೃತ್ತಿ ಸಂಖ್ಯೆಗಳು ಇರುತ್ತವೆ. ಸಿಎಸ್‌ಆರ್‌ನ ಸಂಕೇತ 10. ಇನ್ನೊಂದು ಸ್ವಾರಸ್ಯವೆಂದರೆ ಸಿಎಸ್‌ಆರ್ ಕೊನೆಯ ಎರಡೂ ಜಾಗಗಳಲ್ಲಿ ಫರ್ಮ್‌ವೇರ್‌ನ (ಚಿಪ್‌ನೊಳಗಿನ ತಂತ್ರಾಂಶದ) ಬಿಲ್ಡ್ ಸಂಖ್ಯೆಯನ್ನೇ ತುಂಬುತ್ತಿತ್ತು. ಅವೆರಡೂ ಹೊಂದಲೇಬೇಕು.

ಅಸಲಿ ಸಿಎಸ್‌ಆರ್ 8510 ಚಿಪ್ ಈ ಎರಡೂ ಕಡೆ ಹದಿನಾರರ ಪದ್ಧತಿಯಲ್ಲಿ 22ಬಿಬಿ ಎನ್ನುತ್ತದೆ. ಹತ್ತರ ಪದ್ಧತಿಗೆ ತಂದರೆ 8891. ಈಗ ‘ಎಲ್‌ಎಸ್‌ಯುಎಸ್‌ಬಿ’ಯ ವಿವರವಾದ ಪಟ್ಟಿಯಲ್ಲಿ ಸಾಧನ ತನ್ನ ಆವೃತ್ತಿ ಹೇಳಿಕೊಳ್ಳುವ ‘ಬಿಸಿಡಿ ಡಿವೈಸ್’ (bcdDevice) ಎಂಬ ಸಾಲು ಹುಡುಕಿ: 88.91! ಅದೇ ಸಂಖ್ಯೆ, ಬೇರೆ ವೇಷ. ನಕಲು ಮಾಡಿದವರ ಕಣ್ಣಿಗೆ ಇದು ಬಿದ್ದಂತಿಲ್ಲ. ಹೊರಗೆ 75.58 ಎಂದು ಬರೆದುಕೊಂಡ ಒಂದು ತದ್ರೂಪು ಒಳಗೆ 0709 ಎನ್ನುತ್ತದೆ, ಅಂದರೆ 1801. ಸಿಎಸ್‌ಆರ್‌ನ ನಿಜವಾದ 7558ನೇ ಬಿಲ್ಡ್ ಒಳಗೆ ಹೇಳಬೇಕಾದದ್ದು 1ಡಿ86. ಇನ್ನೊಂದು, ಬ್ಯಾರಟ್ 8041ಎ02 ಎಂಬ ಚಿಪ್, ರಿವಿಷನ್ 0810 ಎಂದೂ ಸಬ್‌ವರ್ಷನ್ 1012 ಎಂದೂ ಹೇಳಿ ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನ್ನೂ ಹೊಂದಿಸಿಕೊಂಡು ಬರುವ ಜಾಣರೂ ಇದ್ದಾರೆ. ಅವರಿಗೆ ಎರಡನೆಯ ಜರಡಿ. ಬಿಲ್ಡ್ ಸಂಖ್ಯೆ 846 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಬ್ಲೂಟೂತ್ 1.1 ಮಾತ್ರ ಬಲ್ಲ ಕಾಲದ್ದು. ಅಂಥ ಸಂಖ್ಯೆ ಇಟ್ಟುಕೊಂಡು ‘ನಾನು 4.0’ ಎಂದರೆ ಅಜ್ಜನ ಜಾತಕ ಹಿಡಿದು ಮೊಮ್ಮಗ ಬಂದಂತೆ. 1.2, 2.0, 2.1, 4.0ಕ್ಕೂ ಹೀಗೇ ಗಡಿ ಹಾಕಲಾಗಿದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿಗೂ ಬರವಿಲ್ಲ: ಬಿಲ್ಡ್ 3164, ಬ್ಲೂಟೂತ್ 2.0 ಎಂದು ಸರಿಯಾಗಿಯೇ ಹೇಳುವ ಒಂದು ತದ್ರೂಪು ಎರಡೂ ಜರಡಿ ದಾಟುತ್ತದೆ. ಅದರ ಬಿಸಿಡಿ ಡಿವೈಸ್ 01.34. ಆ ಜೋಡಿಯನ್ನು ಹೆಸರು ಹಿಡಿದೇ ಬರೆಯಬೇಕಾಯಿತು.

ಸಿಕ್ಕಿಬಿದ್ದ ಮೇಲೆ ಏನು ಮಾಡಬೇಕೆಂಬುದೇ ದೊಡ್ಡ ಪ್ರಶ್ನೆ. ನಿಸ್ತಂತು ಲೋಕದ ಆಚೆ ಇದಕ್ಕೊಂದು ಕೆಟ್ಟ ಉತ್ತರ ಸಿಕ್ಕಿತ್ತು. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಎಫ್‌ಟಿಡಿಐ ಕಂಪನಿಯ ಡ್ರೈವರ್, ಯುಎಸ್‌ಬಿಯನ್ನು ಸೀರಿಯಲ್ ಸಂಪರ್ಕಕ್ಕೆ ಜೋಡಿಸುವ ತನ್ನ ಚಿಪ್‌ನ ನಕಲುಗಳ ಉತ್ಪನ್ನ ಗುರುತನ್ನು 6001ರಿಂದ 0000ಕ್ಕೆ ತಿದ್ದಿಬಿಟ್ಟಿತು. ಆಮೇಲೆ ಕಂಪ್ಯೂಟರು ಅವನ್ನು ಗುರುತಿಸುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ನಕಲಿ ಎಂದೇ ತಿಳಿಯದೆ ಕೊಂಡವರಿಗೆ. ಗಲಾಟೆಯಾಗಿ ಆ ಡ್ರೈವರನ್ನು ಹಿಂದೆಗೆದುಕೊಳ್ಳಲಾಯಿತು. ಲಿನಕ್ಸ್ ಬಳಗ ಸದ್ದಿಲ್ಲದೆ 0000 ಗುರುತನ್ನೂ ತನ್ನ ಡ್ರೈವರ್ ಪಟ್ಟಿಗೆ ಸೇರಿಸಿಕೊಂಡಿತು.

ಬ್ಲೂಟೂತ್ ಡ್ರೈವರ್‌ಗೆ 2020ರಲ್ಲಿ ಸೇರಿದ ಪತ್ತೆ ವ್ಯವಸ್ಥೆಯೂ ಅದೇ ಹಾದಿಯದು. ನಕಲಿ ಎಂದು ಗೊತ್ತಾದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು, ಚಿಪ್‌ಗೆ ಆಗದ ಕೆಲಸ ಹೇಳುವುದನ್ನು ನಿಲ್ಲಿಸುತ್ತದೆ. ಉಳಿಸಿಟ್ಟ ಲಿಂಕ್ ಕೀಗಳನ್ನು (ಜೊತೆಯಾದ ಸಾಧನಗಳ ಗುಪ್ತ ಕೀಲಿಗಳನ್ನು) ಕೇಳುವುದಿಲ್ಲ, ದೋಷಯುಕ್ತ ದತ್ತಾಂಶದ ವರದಿ ಕೇಳುವುದಿಲ್ಲ, ಹಳೆಯ ಚಿಪ್‌ಗಳಿಗೆ ಬೇಕಿದ್ದ ರೀಸೆಟ್ ಕೊಡುವುದಿಲ್ಲ.

ಬ್ಯಾರಟ್‌ನಂಥ ಕೆಲವು ಚಿಪ್‌ಗಳ ಹಟ ಇನ್ನೂ ವಿಚಿತ್ರ. ಒಮ್ಮೆಯಾದರೂ ಮಲಗಿಸಿ ಎಬ್ಬಿಸದಿದ್ದರೆ ಅವುಗಳಿಂದ ದತ್ತಾಂಶ ಬರುವ ದಾರಿಯೇ ತೆರೆಯುವುದಿಲ್ಲ. ಮೂಲಸಂಕೇತದ ಟಿಪ್ಪಣಿಯಲ್ಲಿ ಬರೆದವರೇ ನಂಬಲಾಗದೆ ‘ಹೌದು, ನಿಜವಾಗಿಯೂ’ ಎಂದು ಕಂಸ ಹಾಕಿದ್ದಾರೆ. ಡ್ರೈವರ್ ಚಿಪ್ಪನ್ನು ಬಲವಂತವಾಗಿ ಸಸ್ಪೆಂಡ್ ಮಾಡಿ, 200 ಮಿಲಿಸೆಕೆಂಡ್ ಕಾದು, ಎಬ್ಬಿಸುತ್ತದೆ. ಮಲಗಿದ್ದಾಗ ಮೌಸ್ ಅಲುಗಿಸಿದರೂ ಏಳದ ಚಾಳಿ ಇರುವುದರಿಂದ, ಇದು ತಾನಾಗಿ ಏಳಬಲ್ಲದು ಎಂಬ ನಂಬಿಕೆಯನ್ನೂ ಅಳಿಸಿಹಾಕುತ್ತದೆ. ಈ ಮದ್ದನ್ನು ಸಿಕ್ಕಿಬಿದ್ದ ಎಲ್ಲ ತದ್ರೂಪುಗಳಿಗೂ ಕೊಡಲಾಗುತ್ತದೆ. ಬೇಕಿಲ್ಲದವಕ್ಕೆ ಹಾನಿಯಿಲ್ಲ, ಬೇಕಿದ್ದವು ಅದಿಲ್ಲದೆ ನಡೆಯುವುದೇ ಇಲ್ಲ.

ನಿಮ್ಮ ಡಾಂಗಲ್ ಹಟ ಹಿಡಿದರೆ ಮೊದಲು ‘ಡಿಮೆಸೇಜ್’ (dmesg) ಕಮಾಂಡ್‌ನಿಂದ ಲಾಗ್ ತೆರೆದು, ‘ಸಿಎಸ್‌ಆರ್’ ಎಂದು ಶುರುವಾಗಿ ‘ಕ್ಲೋನ್ ಡಿಟೆಕ್ಟೆಡ್’ ಎನ್ನುವ ಸಾಲು ಹುಡುಕಿ. ಅದು ಇದ್ದೂ ಕೆಲಸ ನಡೆಯದಿದ್ದರೆ ಕರ್ನಲ್ ಹಳೆಯದಿರಬಹುದು; ಈ ಮದ್ದುಗಳು ಒಂದೇ ಸಲಕ್ಕೆ ಬಂದವಲ್ಲ. ಸಾಲೇ ಇಲ್ಲದೆ ಮೈನಸ್ 110 ಮಾತ್ರ ಕಂಡರೆ ನಿಮ್ಮದು ಜರಡಿ ದಾಟಿದ ತದ್ರೂಪು ಇರಬಹುದು. ಅಭಿವರ್ಧಕರಿಗೆ ತಿಳಿಸುವಾಗ ಬಿಸಿಡಿ ಡಿವೈಸ್, ರಿವಿಷನ್, ಸಬ್‌ವರ್ಷನ್, ಬ್ಲೂಟೂತ್ ಆವೃತ್ತಿ ಈ ನಾಲ್ಕನ್ನೂ, ಜೊತೆಗೆ ಡಾಂಗಲ್ ಸಿಕ್ಕಿಸುವ ಮೊದಲೇ ಶುರು ಮಾಡಿದ ‘ಬಿಟಿಮಾನ್’ (btmon, ಬ್ಲೂಟೂತ್ ಮಾತುಕತೆ ಬರೆದಿಡುವ ಕಮಾಂಡ್) ದಾಖಲೆಯನ್ನೂ ಕಳಿಸಿ. ಪ್ರತಿ ಪ್ರಯೋಗಕ್ಕೂ ಮುನ್ನ ಡಾಂಗಲ್ ಕಿತ್ತು ಮತ್ತೆ ಸಿಕ್ಕಿಸಬೇಕು. ಬರೀ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಪೋರ್ಟ್‌ನ ವಿದ್ಯುತ್ ಹೋಗುವುದೇ ಇಲ್ಲ. ಗರ ಬಡಿದ ಚಿಪ್ ಹಾಗೇ ಕೂತಿರುತ್ತದೆ.