ಪದ ಪರಿಚಯ: ಪ್ರೋಟೀನ್ ಟರ್ನೋವರ್

ಸ್ನಾಯುವಿನಲ್ಲಿ ಹಳೆಯ ಪ್ರೋಟೀನ್ ಒಡೆಯುತ್ತಲೇ ಇರುತ್ತದೆ, ಅದರ ಜಾಗಕ್ಕೆ ಹೊಸದು ಕೂಡುತ್ತಲೇ ಇರುತ್ತದೆ. ಒಡೆಯುವುದು, ಕೂಡುವುದು ಎರಡೂ ಸೇರಿ ಪ್ರೋಟೀನ್ ಟರ್ನೋವರ್. ದೊಡ್ಡವರ ಸ್ನಾಯುವಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಶೇ. 1ರಿಂದ 1.5ರಷ್ಟು ಪ್ರೋಟೀನ್ ಹೀಗೆ ಬದಲಾಗುತ್ತದೆ. 1930ರ ದಶಕದ ಕೊನೆಯಲ್ಲಿ ಜೀವರಸಾಯನ ವಿಜ್ಞಾನಿ ರುಡಾಲ್ಫ್ ಶೋನ್‌ಹೈಮರ್, ಎಲ್ಲಿ ಹೋಯಿತೆಂದು ಪತ್ತೆಹಚ್ಚಲು ಭಾರ ನೈಟ್ರೋಜನ್ನಿನ ಗುರುತು ಹಾಕಿದ ಅಮೈನೋ ಆಮ್ಲವನ್ನು (ಪ್ರೋಟೀನ್ ಕಟ್ಟುವ ಇಟ್ಟಿಗೆ) ಇಲಿಗಳಿಗೆ ತಿನ್ನಿಸಿ ನೋಡಿದರು. ಅದರ ಬಹುಪಾಲು ಮೂತ್ರದಲ್ಲಿ ಹೊರಬೀಳದೆ ಮೈಯ ಪ್ರೋಟೀನಿನಲ್ಲೇ ಸೇರಿಕೊಂಡಿತ್ತು.

ಎಲ್ಲ ಸ್ನಾಯು ಒಂದೇ ಬಗೆಯದಲ್ಲ. ಕೋಳಿಯ ತೊಡೆ ಕೆಂಪಗೆ, ಎದೆ ಬೆಳ್ಳಗೆ ಇರುವುದನ್ನು ಅಡುಗೆಮನೆಯಲ್ಲಿ ನೋಡಿರುತ್ತೀರಿ. ಕೆಂಪು ಎಳೆಗಳು ನಿಧಾನ, ಬೇಗ ದಣಿಯುವುದಿಲ್ಲ. ಬಿಳಿಯವು ಚುರುಕು, ಬಲ ಜಾಸ್ತಿ, ಬೇಗ ಸೋಲುತ್ತವೆ. ನಮ್ಮ ಮೀನಖಂಡದ ಒಳಗಿನ ಸೋಲಿಯಸ್ ಎಂಬ ಸ್ನಾಯು ಬಹುತೇಕ ಕೆಂಪು. ಇಲಿಗಳಲ್ಲಿ ಕೆಂಪು ಸ್ನಾಯುವಿನ ಟರ್ನೋವರ್ ಬಿಳಿಯದಕ್ಕಿಂತ ಸ್ಪಷ್ಟವಾಗಿ ಜೋರು. ಮನುಷ್ಯರಲ್ಲಿ ಆ ಅಂತರ ಅಷ್ಟಿಲ್ಲ.

ವ್ಯಾಯಾಮ ಮಾಡುವ ಹೊತ್ತಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ತಗ್ಗುತ್ತದೆ. ಮುಗಿದ ಮೇಲೆ ಅದು ಏರಿ, ಭಾರದ ಕಸರತ್ತಾದರೆ ಒಂದೆರಡು ದಿನ ಏರಿದಂತೆಯೇ ಇರುತ್ತದೆ. ಧಾರವಾಡದ ಮೈದಾನಗಳಲ್ಲಿ ಬೆಳಿಗ್ಗೆ ಓಡುವ ಹುಡುಗರಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳುವುದು ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ ಪ್ರೋಟೀನ್. ಅವರಿಗೆ ದಮ್ಮು ಬರುತ್ತದೆ, ತೋಳು ದಪ್ಪಾಗುವುದಿಲ್ಲ. ಭಾರ ಎತ್ತಿ ಸಾಮು ಮಾಡುವವರಲ್ಲಿ ಸ್ನಾಯುವನ್ನು ಕುಗ್ಗಿಸುವ ಪ್ರೋಟೀನ್‌ಗಳಾದ ಆಕ್ಟಿನ್, ಮಯೋಸಿನ್ ಹೆಚ್ಚುತ್ತವೆ, ಚುರುಕು ಎಳೆಗಳೇ ಹೆಚ್ಚು ಹಿಗ್ಗುತ್ತವೆ. ಹೊಸದಾಗಿ ಶುರು ಮಾಡಿದವರಲ್ಲಿ ಮಾತ್ರ ಈ ಗೆರೆ ಇಷ್ಟು ಖಡಕ್ಕಾಗಿರುವುದಿಲ್ಲ.

ಇನ್ನೊಂದು ಮಾತಿದೆ: ಕಸರತ್ತಿನಿಂದ ಒಡೆಯುವುದೂ ಹೆಚ್ಚುತ್ತದೆ. ಹೊಟ್ಟೆ ಖಾಲಿ ಇದ್ದರೆ ಕಟ್ಟಿದ್ದಕ್ಕಿಂತ ಒಡೆದದ್ದೇ ಇನ್ನೂ ಜಾಸ್ತಿ. ಗರಡಿಮನೆಯ ಉಸ್ತಾದರು "ಸಾಮು ಮಾಡಿ ಬರೇ ಹೊಟ್ಟೀಲೆ ಕುಂದರಬ್ಯಾಡ್ರಲೇ" ಎಂದು ಗದರುವುದರಲ್ಲಿ ಹುರುಳಿದೆ. ಅದಕ್ಕೆ ಡಬ್ಬಿ ಪೌಡರೇ ಬೇಕೆಂದಿಲ್ಲ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಜೋಳದಲ್ಲಿ ಕಡಿಮೆ ಬೀಳುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿ ಸಿಗುತ್ತದೆ. ಹಾಗಾಗಿ ರೊಟ್ಟಿ, ಕಾಳುಪಲ್ಯ, ಮೊಸರಿನ ಊಟ ಈ ಲೆಕ್ಕದಲ್ಲಿ ಚಲೋನೇ ಇದೆ.

ವಯಸ್ಸಾದಂತೆ ಸೊರಗುವುದು ಮುಖ್ಯವಾಗಿ ಚುರುಕು ಎಳೆಗಳು. ಉಂಡ ಊಟಕ್ಕೂ ಸ್ನಾಯು ಮೊದಲಿನಷ್ಟು ಸ್ಪಂದಿಸುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯ ಮೇಲೆ ವಾಕಿಂಗ್ ಮಾಡುವ ಹಿರಿಯರಿಗೆ ಅದು ಎದೆಗೆ ಒಳ್ಳೆಯದೇ, ಆದರೆ ಸಮತಟ್ಟು ದಾರಿಯ ನಿಧಾನ ನಡಿಗೆಯಲ್ಲಿ ಚುರುಕು ಎಳೆಗಳಿಗೆ ಕೆಲಸ ಸಿಗುವುದು ಕಡಿಮೆ. ಕೈ ಊರದೆ ಕುರ್ಚಿಯಿಂದ ನಾಲ್ಕಾರು ಸಲ ಎದ್ದು ಕೂತರೆ ಅವಕ್ಕೂ ಸಿಗುತ್ತದೆ.