ಬಲಮುರಿಯೋ ಎಡಮುರಿಯೋ: ಕೆಮ್ಮಿನ ಸಿರಪ್ ಮತ್ತು ಮೂತ್ರ ಪರೀಕ್ಷೆ

ಪ್ರಶ್ನೆ: ಮಳೆ ಹಿಡಿದಾಗಿನಿಂದ ಒಣಕೆಮ್ಮು. ತೀರ್ಥಹಳ್ಳಿಯ ಔಷಧಿ ಅಂಗಡಿಯಲ್ಲಿ ಕೊಟ್ಟ ಸಿರಪ್ಪನ್ನು ನಾಲ್ಕು ದಿನ ಕುಡಿದೆ. ಹೊಸ ಕೆಲಸಕ್ಕೆ ಸೇರುವ ಮೊದಲು ಮೂತ್ರ ಪರೀಕ್ಷೆ ಇದೆ. ಮಾದಕ ವಸ್ತು ಸೇವಿಸಿದ್ದೇನೆ ಎಂದು ವರದಿ ಬಂದೀತೇ?

ಉತ್ತರ: ಆಗುಂಬೆಯ ಕಡೆ ಮೋಡ ಕಟ್ಟಿತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮೊದಲು ಬಾಟಲಿಯ ಮೇಲಿನ ಚೀಟಿ ಓದಿ. ಅದರಲ್ಲಿ ಕೋಡೀನ್ ಇದ್ದರೆ ವರದಿ ಹಾಗೆ ಬರುವುದು ತಪ್ಪೇನಲ್ಲ; ಅದು ಅಫೀಮಿನ ಮನೆತನದ್ದೇ, ದೇಹದಲ್ಲಿ ಅದರ ಒಂದು ಪಾಲು ಮಾರ್ಫಿನ್ ಆಗುತ್ತದೆ. ಡೆಕ್ಸ್ಟ್ರೊಮೆಥಾರ್ಫಾನ್ ಎಂದಿದ್ದರೆ ಕಥೆ ಬೇರೆ.

ನಮ್ಮ ಕಾಡಿನ ಎಡಮುರಿ ಗಿಡದ ತಿರುಚಿದ ಕಾಯಿಯನ್ನು ನೀವು ನೋಡಿರಬಹುದು. ಅದನ್ನು ಕನ್ನಡಿಯ ಮುಂದೆ ಹಿಡಿದರೆ ಸುರುಳಿ ಅತ್ತ ಕಡೆಗೆ ತಿರುಗಿರುತ್ತದೆ. ಕೆಲವು ಅಣುಗಳೂ ಹೀಗೆಯೇ. ಡೆಕ್ಸ್ಟ್ರೊಮೆಥಾರ್ಫಾನ್ ಬಲಮುರಿ, ಅದರ ಕನ್ನಡಿ ಬಿಂಬ ಲೀವೊಮೆಥಾರ್ಫಾನ್ ಎಡಮುರಿ. ಬಲಮುರಿ ಕೆಮ್ಮನ್ನು ತಡೆಯುತ್ತದೆ. ಎಡಮುರಿಯೋ ಪ್ರಬಲ ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಮದ್ದು. 1961ರ ಅಂತರರಾಷ್ಟ್ರೀಯ ಮಾದಕ ವಸ್ತು ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟದ್ದು. ಇಷ್ಟು ಸಣ್ಣ ತಿರುವಿಗೆ ಇಷ್ಟು ವ್ಯತ್ಯಾಸವೇ ಎಂದು ಅನುಮಾನವಿದ್ದರೆ ಅಡುಗೆಮನೆಗೆ ಹೋಗಿ: ಪುದೀನದ ಪರಿಮಳಕ್ಕೂ ಸಬ್ಬಸಿಗೆ ಬೀಜದ ಪರಿಮಳಕ್ಕೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ಅಣು, ಅದರ ಎರಡು ಕನ್ನಡಿ ರೂಪಗಳು. ಮೂಗು ಗುರುತಿಸುವುದನ್ನು ಪ್ರಯೋಗಾಲಯದ ಸಾಮಾನ್ಯ ಯಂತ್ರ ಗುರುತಿಸಲಾರದು ಎಂಬುದೇ ತಮಾಷೆ.

ತಕ್ಷಣ ಫಲಿತಾಂಶ ಕೊಡುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಒಮ್ಮೊಮ್ಮೆ ಡೆಕ್ಸ್ಟ್ರೊಮೆಥಾರ್ಫಾನನ್ನು ಬೇರೆ ಮಾದಕ ವಸ್ತುವೆಂದು ತಪ್ಪು ತಿಳಿಯುತ್ತದೆ. ಆಗ ಅದೇ ಮಾದರಿಯನ್ನು ಮಾಸ್ ಸ್ಪೆಕ್ಟ್ರೊಮೀಟರಿಗೆ ಕೊಡುತ್ತಾರೆ. ಅದು ಅಣುವನ್ನು ತೂಗುತ್ತದೆ, ಒಡೆದು ಚೂರುಗಳನ್ನೂ ತೂಗುತ್ತದೆ. ಬಲಮುರಿಯ ಅಣುತೂಕ 271, ಎಡಮುರಿಯದೂ 271, ಚೂರುಗಳೂ ಒಂದೇ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿಗಳನ್ನು ತಕ್ಕಡಿಗೆ ಹಾಕಿ ಯಾವುದು ಯಾವುದೆಂದು ಕೇಳಿದಂತೆ. ಚಪ್ಪಲಿಯ ಗುಟ್ಟು ತಿಳಿಯಬೇಕಾದರೆ ಕಾಲು ಬೇಕು.

ಆ ಕಾಲೇ ಮಾದರಿಯನ್ನು ಹಾಯಿಸುವ ಒಂದು ವಿಶೇಷ ಕೊಳವೆ. ಅದರೊಳಗೆ ತುಂಬಿದ ಪುಡಿಗೆ ಲೇಪಿಸುವುದು ಹಲವು ಸಲ ಸೆಲ್ಯುಲೋಸಿನಿಂದ ತಯಾರಿಸಿದ ಪದಾರ್ಥ; ಅಡಕೆ ಹಾಳೆಯ ನಾರಿನಲ್ಲಿರುವ ಅದೇ ಸೆಲ್ಯುಲೋಸ್. ಅದರ ಸಕ್ಕರೆ ಅಣುಗಳೆಲ್ಲ ಒಂದೇ ಕಡೆಗೆ ತಿರುಗಿದವು. ಆದ್ದರಿಂದ ಹರಿದು ಬರುವ ಎರಡು ರೂಪಗಳಲ್ಲಿ ಒಂದನ್ನು ತುಸು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಒಂದು ಮುಂದೆ, ಒಂದು ಹಿಂದೆ ಹೊರಬೀಳುತ್ತವೆ. ಗ್ರಾಫಿನಲ್ಲಿ ಎರಡು ಗುಡ್ಡ ಮೂಡುತ್ತವೆ. ಅಳತೆ ಗೊತ್ತಿರುವ ಮಾದರಿಯ ಗುಡ್ಡಗಳ ಜೊತೆ ಹೋಲಿಸಿದರೆ ಯಾವುದು ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ.

ಮೂತ್ರದಲ್ಲಿ ಇನ್ನೊಂದು ತೊಡಕು. ಯಕೃತ್ತಿನ ಕಿಣ್ವಗಳು ಔಷಧಿಯ ಬಹುಪಾಲನ್ನು ಡೆಕ್ಸ್ಟ್ರಾರ್ಫಾನ್ ಆಗಿ ಬದಲಿಸಿ, ಅದಕ್ಕೆ ಗ್ಲುಕುರೋನಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ಅಣುವಿನ ಮೂಟೆ ಕಟ್ಟಿ ಕಳುಹಿಸುತ್ತವೆ. ಎಡಮುರಿಯಾದರೆ ಆಗುವುದು ಲೀವೊರ್ಫನಾಲ್, ಅದೂ ಓಪಿಯಾಯ್ಡ್. ಹಾಗಾಗಿ ಮೊದಲು ಇನ್ನೊಂದು ಕಿಣ್ವದಿಂದ ಆ ಮೂಟೆ ಬಿಚ್ಚಿ, ಈ ಜೋಡಿಯನ್ನೂ ಬೇರ್ಪಡಿಸಿ ಅಳೆಯಬೇಕು.

ಇದು ಬರೀ ಪಾಂಡಿತ್ಯವಲ್ಲ. 2012ರ ಕೊನೆಯಲ್ಲಿ ಪಾಕಿಸ್ತಾನದ ಲಾಹೋರ್ ಮತ್ತು ಗುಜ್ರನ್‌ವಾಲಾಗಳಲ್ಲಿ ಕೆಮ್ಮಿನ ಸಿರಪ್ ಕುಡಿದು ಹತ್ತಾರು ಜನ ಸತ್ತರು. ಬಲಮುರಿ ಎಂದು ಬಂದ ಕಚ್ಚಾ ಔಷಧಿಯಲ್ಲಿ ಎಡಮುರಿ ಬೆರೆತಿತ್ತು. ಸಾಮಾನ್ಯ ತಪಾಸಣೆಯ ಕಣ್ಣಿಗೆ ಎರಡೂ ಒಂದೇ.

ನಿಮ್ಮ ವಿಷಯಕ್ಕೆ ಬರೋಣ. ಮಾದರಿ ಕೊಡುವ ಮೊದಲೇ ಸಿರಪ್ಪಿನ ಹೆಸರು, ಕೊನೆಯ ಸಲ ಕುಡಿದ ದಿನ ಇವನ್ನು ಅರ್ಜಿಯಲ್ಲಿ ಬರೆಯಿಸಿ. ಪಟ್ಟಿಯ ಫಲಿತಾಂಶ ವಿರುದ್ಧ ಬಂದರೆ ದೃಢೀಕರಣ ಪರೀಕ್ಷೆ ಕೇಳಿ. ವರದಿಯಲ್ಲಿ ಡೆಕ್ಸ್ಟ್ರಾರ್ಫಾನ್ ಬದಲು ಲೀವೊರ್ಫನಾಲ್ ಎಂದು ಬರೆದಿದ್ದರೆ, ಎಡ ಬಲ ಬೇರ್ಪಡಿಸುವ ಕೊಳವೆ ಬಳಸಿದ್ದೀರಾ ಎಂದು ವಿಚಾರಿಸಿ. ಬಾಟಲಿಯನ್ನು ಮಾತ್ರ ಅಲ್ಲಿಯವರೆಗೆ ಎಸೆಯಬೇಡಿ.