ಬೀದಿಯ ಮೂಲೆಯಲ್ಲಿರುವ ವರ್ಗಮೂಲ

ಯಾವುದೋ ಒಂದು ತಿರುವಿನಲ್ಲಿ ಮೇಲಿಂದ ಮೇಲೆ ಅಪಘಾತಗಳಾದರೆ ಆ ಜಾಗದ ಸುತ್ತ ಎರಡು ಬಗೆಯ ಕಥೆಗಳು ಹುಟ್ಟಿಕೊಳ್ಳುತ್ತವೆ. ಅಲ್ಲಿ ಪ್ರೇತವಿದೆ ಎಂಬುದು ಒಂದು; ಅಲ್ಲಿ ಸತ್ತವರೆಲ್ಲ ಅಜಾಗರೂಕರಾಗಿದ್ದರು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿ ನಗುವ ವಿದ್ಯಾವಂತರು ಎರಡನೆಯದನ್ನು ಯಾವ ಸಂಕೋಚವೂ ಇಲ್ಲದೆ ನಂಬುತ್ತಾರೆ. ನನಗಂತೂ ಎರಡೂ ಒಂದೇ ಜಾತಿಯ ವಿವರಣೆಗಳಾಗಿ ಕಾಣುತ್ತವೆ. ಪರಸ್ಪರ ಪರಿಚಯವೇ ಇಲ್ಲದ ಹತ್ತಾರು ಜನರು, ಬೇರೆ ಬೇರೆ ದಿನಗಳಲ್ಲಿ, ಸರಿಯಾಗಿ ಅದೇ ಜಾಗದಲ್ಲಿ ಮೈಮರೆಯುವುದು ಹೇಗೆ ಎಂದು ಎರಡೂ ಕೇಳುವುದಿಲ್ಲ. ಅಳತೆಪಟ್ಟಿ ಹಿಡಿದು ಆ ತಿರುವಿನ ತ್ರಿಜ್ಯವನ್ನೂ ಅಲ್ಲಿ ಕಣ್ಣಿಗೆ ಬೀಳುವ ದೂರವನ್ನೂ ಅಳೆದರೆ ಉತ್ತರದ ಬಹುಪಾಲು ಅಲ್ಲೇ ಸಿಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಎರಡು ಕಾರುಗಳು ಅಕ್ಕಪಕ್ಕದಲ್ಲಿ ಬರುತ್ತಿವೆ. ಒಂದರ ವೇಗ ಗಂಟೆಗೆ 30 ಕಿಲೋಮೀಟರ್, ಇನ್ನೊಂದರದು 50. ಅವುಗಳಿಂದ ಹದಿಮೂರೂವರೆ ಮೀಟರ್ ಮುಂದೆ ಒಂದು ಮಗು ರಸ್ತೆಗಿಳಿಯುತ್ತದೆ. ಕಂಡದ್ದನ್ನು ಗ್ರಹಿಸಿ ಬ್ರೇಕ್ ಮೇಲೆ ಕಾಲಿಡಲು ಇಬ್ಬರು ಚಾಲಕರಿಗೂ ಒಂದು ಸೆಕೆಂಡ್ ಬೇಕು ಎಂದುಕೊಳ್ಳೋಣ. ಅಷ್ಟರಲ್ಲಿ ನಿಧಾನದ ಕಾರು ಸುಮಾರು 8.3 ಮೀಟರ್ ಸಾಗಿರುತ್ತದೆ. ಒಣಗಿದ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಇನ್ನು 5 ಮೀಟರಿನಲ್ಲಿ, ಅಂದರೆ ಮಗುವಿನಿಂದ ಒಂದು ಗೇಣಿನಷ್ಟು ಈಚೆಗೆ, ಅದು ನಿಲ್ಲುತ್ತದೆ. ವೇಗದ ಕಾರು ಅದೇ ಒಂದು ಸೆಕೆಂಡಿನಲ್ಲಿ 13.9 ಮೀಟರ್ ಸಾಗುತ್ತದೆ. ಅಂದರೆ ಅದರ ಚಾಲಕನ ಕಾಲು ಬ್ರೇಕನ್ನು ತಲಪುವ ಮೊದಲೇ ಮಗುವಿಗೆ ಪೆಟ್ಟು ಬಿದ್ದಿರುತ್ತದೆ, ಅದೂ ಪೂರ್ತಿ 50ರ ವೇಗದಲ್ಲಿ. ಇಬ್ಬರೂ ಸಮಾನ ಜಾಗರೂಕರು, ಬ್ರೇಕುಗಳೂ ಸಮಾನ. ಸೌಮ್ಯವಾಗಿ ಕಾಣುವ ಇಪ್ಪತ್ತು ಕಿಲೋಮೀಟರಿನ ವ್ಯತ್ಯಾಸ ಒಬ್ಬನಿಗೆ ಎದೆಬಡಿತ ಹೆಚ್ಚಿಸುತ್ತದೆ, ಇನ್ನೊಬ್ಬನನ್ನು ಕೊಲೆಗಾರನನ್ನಾಗಿ ಮಾಡುತ್ತದೆ.

ಇಷ್ಟಾದರೂ ಅಸಲಿ ಖಳನಾಯಕ ಇನ್ನೂ ರಂಗಕ್ಕೆ ಬಂದಿಲ್ಲ. ಅವನ ಹೆಸರು ವರ್ಗ, ಅಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಮೊತ್ತ. ಚಲನೆಯ ಶಕ್ತಿ ವೇಗದ ಜೊತೆಗಲ್ಲ, ವೇಗದ ವರ್ಗದ ಜೊತೆಗೆ ಬೆಳೆಯುತ್ತದೆ. ಚೌಕಾಕಾರದ ಹೊಲದ ಅಂಚನ್ನು ಎರಡು ಪಟ್ಟು ಮಾಡಿದರೆ ಉಳಬೇಕಾದ ನೆಲ ನಾಲ್ಕು ಪಟ್ಟಾಗುವಂತೆ. ಇದನ್ನು ಬೀಳುವ ಎತ್ತರಕ್ಕೆ ಬದಲಿಸಿ ನೋಡಿದರೆ ಮೈಗೆ ತಟ್ಟುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗ ಬರಲು ಮೂರೂವರೆ ಮೀಟರ್ ಎತ್ತರದಿಂದ ಬಿದ್ದರೆ ಸಾಕು. ಅದು ಮೊದಲ ಮಹಡಿ. 50ರ ವೇಗಕ್ಕೆ ಹತ್ತಿರ ಹತ್ತಿರ ಹತ್ತು ಮೀಟರ್ ಬೇಕು. ಅದು ಮೂರನೆಯ ಮಹಡಿ. ಮೂರನೆಯ ಮಹಡಿಯ ಬಾಲ್ಕನಿಗೆ ಕಟಕಟೆಯಿಲ್ಲದಿದ್ದರೆ ನಾವು ಬಿದ್ದವನ ಅಜಾಗರೂಕತೆಯನ್ನು ಚರ್ಚಿಸುವುದಿಲ್ಲ, ಕಟ್ಟಿದವನನ್ನು ಹುಡುಕುತ್ತೇವೆ.

ಈ ಹೋಲಿಕೆ ಬರಿಯ ಅಲಂಕಾರವಲ್ಲ, ಅದಕ್ಕೊಂದು ಚರಿತ್ರೆಯಿದೆ. 1917ರಲ್ಲಿ ಹ್ಯೂ ಡಿ ಹೇವನ್ ಎಂಬ ಯುವಕ ವಿಮಾನ ಚಾಲನೆಯ ತರಬೇತಿಯಲ್ಲಿದ್ದಾಗ ನೆಲಕ್ಕುರುಳಿ ಬದುಕಿಕೊಂಡ. ತಾನು ಉಳಿದದ್ದನ್ನು ಅದೃಷ್ಟವೆಂದು ಒಪ್ಪಿ ಸುಮ್ಮನಿರಲು ಅವನಿಂದ ಆಗಲಿಲ್ಲ. 1942ರಲ್ಲಿ ಅವನು 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ವಿಶ್ಲೇಷಿಸಿ ಪ್ರಬಂಧವೊಂದನ್ನು ಪ್ರಕಟಿಸಿದ. ಅವರನ್ನು ಉಳಿಸಿದ್ದು ದೈವಬಲವಾಗಿರದೆ, ಸಡಿಲ ಮಣ್ಣೋ ತಗಡೋ ಕೆಲವು ಅಂಗುಲ ಬಾಗಿಕೊಟ್ಟು ದೇಹ ನಿಲ್ಲಲು ಒದಗಿಸಿದ ಅಷ್ಟಿಷ್ಟು ದೂರ ಎಂದು ತೋರಿಸಿದ. ಕಾರಿನೊಳಗಿನ ಬೆಲ್ಟು, ಗಾಳಿಚೀಲ, ಮುದುಡುವ ಮುಂಭಾಗ ಎಲ್ಲವೂ ಈ ಚಿಂತನೆಯ ಸಂತಾನವೇ. ಆದರೆ ನಡೆದು ಹೋಗುವವನಿಗೆ ಮುದುಡುವ ಮುಂಭಾಗವಿಲ್ಲ; ಅವನ ಪಕ್ಕೆಲುಬೇ ಅವನ ಬಂಪರ್. ಅವನ ಪಾಲಿಗೆ ಉಳಿದಿರುವ ಮುಖ್ಯ ಉಪಾಯ, ತನ್ನತ್ತ ಬರುವ ವಾಹನದ ವೇಗವೇ ತಗ್ಗುವುದು.

ವೇಗ ತಗ್ಗಿಸಲು ಫಲಕ ನೆಟ್ಟರಾಯಿತಲ್ಲ ಎನ್ನುವವರಿಗೆ ನನ್ನ ತಾಳ್ಮೆ ಸಾಲದು. ಚಾಲಕನು ಓದುವುದು ಫಲಕಕ್ಕಿಂತ ಮುಖ್ಯವಾಗಿ ಬೀದಿಯನ್ನು. ಅಗಲವಾದ, ನೇರವಾದ, ದೂರದವರೆಗೆ ಬರಿದಾಗಿ ಕಾಣುವ ದಾರಿಯು 'ಹೋಗು' ಎಂದು ಕೂಗುತ್ತಿರುವಾಗ ಅದರ ಅಂಚಿನಲ್ಲಿ ನಿಂತ ತಗಡಿನ ತುಂಡು 'ನಿಧಾನ' ಎಂದು ಪಿಸುಗುಟ್ಟಿದರೆ ಯಾರ ಮಾತು ನಡೆದೀತು? ಆದ್ದರಿಂದಲೇ ರಸ್ತೆ ಅಗಲಿಸಿದಷ್ಟೂ ಸುರಕ್ಷಿತ ಎಂಬ ಹೆದ್ದಾರಿಯ ಬುದ್ಧಿ ಊರೊಳಗಿನ ಬೀದಿಗೆ ಬಂದಾಗ ತಿರುಗಿ ಕಚ್ಚುತ್ತದೆ.

ಇಲ್ಲಿಂದ ಮುಂದೆ ನನಗೆ ಅತ್ಯಂತ ಪ್ರಿಯವಾದ ಭಾಗ. ಕೊಲ್ಲುವ ಅದೇ ವರ್ಗವನ್ನು ಕಾವಲಿಗೆ ನಿಲ್ಲಿಸಬಹುದು. ತಿರುವಿನಲ್ಲಿ ವಾಹನವನ್ನು ಪಕ್ಕಕ್ಕೆಳೆಯುವ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟಿರುತ್ತದೆ. ಮೈ ಪಕ್ಕಕ್ಕೆ ಎಷ್ಟು ವಾಲಿದರೆ ಸಹ್ಯ ಎಂಬುದಕ್ಕೆ ಮನುಷ್ಯರಲ್ಲಿ ಹೆಚ್ಚುಕಡಿಮೆ ಒಂದು ಮಿತಿಯಿದೆ. ಹೀಗಾಗಿ ತಿರುವಿನ ವೇಗ ತ್ರಿಜ್ಯದ ವರ್ಗಮೂಲಕ್ಕೆ ಕಟ್ಟುಬೀಳುತ್ತದೆ. ವಾಹನ ಹಿಡಿಯುವ ದಾರಿಯ ತ್ರಿಜ್ಯ 16 ಮೀಟರ್ ಇದ್ದರೆ ಗಂಟೆಗೆ 25 ಕಿಲೋಮೀಟರಿನಷ್ಟು ವೇಗದಲ್ಲಿ ತಿರುಗುವವನು ತ್ರಿಜ್ಯ 4 ಮೀಟರಿಗೆ ಇಳಿದಾಗ ಹನ್ನೆರಡು ಹದಿಮೂರಕ್ಕಿಳಿಯುತ್ತಾನೆ. ಅಂಚಿನವರೆಗೆ ನೀರು ತುಂಬಿದ ಬಿಂದಿಗೆ ಹೊತ್ತವರಿಗೆ ಇಕ್ಕಟ್ಟಾದ ತಿರುವಿನಲ್ಲಿ ನಿಧಾನವಾಗಿ ನಡೆಯಿರಿ ಎಂದು ಯಾರೂ ಹೇಳಬೇಕಿಲ್ಲ, ನೀರೇ ಹೇಳುತ್ತದೆ. ಮೂಲೆ ಮೊನಚಾದರೆ ಇನ್ನೊಂದು ಲಾಭವೂ ಇದೆ, ದಾಟುವವರು ನಡೆಯಬೇಕಾದ ದೂರ ಕಿರಿದಾಗುತ್ತದೆ. ಬಸ್ಸು ಮತ್ತು ಅಗ್ನಿಶಾಮಕ ವಾಹನಗಳು ತಿರುಗುವುದೆಲ್ಲಿ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಮೂಲೆಯಲ್ಲಿ ತುಸು ಎತ್ತರಿಸಿದ ಒರಟು ಕಲ್ಲಿನ ಹಾಸು ಹಾಕಿದರೆ ದೊಡ್ಡ ಗಾಲಿ ಅದರ ಮೇಲೆ ಹಾದುಹೋಗುತ್ತದೆ, ಸಣ್ಣ ಕಾರು ಅದನ್ನು ತಪ್ಪಿಸಿಕೊಂಡು ಹೋಗುತ್ತದೆ.

ರಸ್ತೆಯುಬ್ಬಿನ ಗುಟ್ಟೂ ಇದೇ: ಗಾಲಿ ಮೇಲೆದ್ದು ಇಳಿಯುವಾಗ ಕುಳಿತವರಿಗೆ ಬೀಳುವ ಕುಲುಕು ಮತ್ತೆ ವೇಗದ ವರ್ಗವನ್ನೇ ಹಿಂಬಾಲಿಸುತ್ತದೆ. ಉಬ್ಬಿನ ಚರಿತ್ರೆಯಲ್ಲಿ ನೊಬೆಲ್ ವಿಜೇತರೊಬ್ಬರ ಹೆಸರಿರುವುದು ಹಲವರಿಗೆ ಅಚ್ಚರಿ ತರಬಹುದು. ಕ್ಷಕಿರಣಗಳು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಚದುರುವುದನ್ನು ವಿವರಿಸಿ 1927ರಲ್ಲಿ ಆ ಬಹುಮಾನ ಪಡೆದ ಆರ್ಥರ್ ಹಾಲಿ ಕಾಂಪ್ಟನ್, 1953ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಓಡುವ ಕಾರುಗಳನ್ನು ಕಂಡು ರೋಸಿ, ನಿಗದಿತ ವೇಗದವರೆಗೆ ಹಿತವಾಗಿರುವ, ಅದನ್ನು ಮೀರಿದರೆ ಕಾಡುವ ಉಬ್ಬಿನ ಆಕಾರವನ್ನು ಲೆಕ್ಕಹಾಕಿ ರೂಪಿಸಿದರು. ಲೆಕ್ಕವಿಲ್ಲದೆ ಸುರಿದ ಗಡುಸಾದ ಗುಡ್ಡೆಗಳಿಗೂ ಇಂತಹ ಉಬ್ಬಿಗೂ ಮೂಟೆಗೂ ದಿಂಬಿಗೂ ಇರುವಷ್ಟು ಅಂತರವಿದೆ. ಉಬ್ಬನ್ನು ಚಪ್ಪಟೆ ಮಾಡಿ, ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತಿ ಅದರ ಮೇಲೆಯೇ ದಾಟುವ ಪಟ್ಟಿ ಬರೆದರೆ ಕಾರೇ ಮನುಷ್ಯರ ಮಟ್ಟಕ್ಕೆ ಏರಿ ಬರಬೇಕಾಗುತ್ತದೆ. ಇದಕ್ಕೆ ಬದಲಾಗಿ ಮೇಲ್ಸೇತುವೆ ಕಟ್ಟಿ, ಮಂಡಿನೋವಿನ ಮುದುಕಿಯನ್ನು ಐದಾರು ಮೀಟರ್ ಹತ್ತಿಸಿ ಇಳಿಸಿ, ಎಂಜಿನ್ ಇರುವವನನ್ನು ನೆಲದಲ್ಲೇ ಓಡಲು ಬಿಡುವುದು ಯಾವ ನ್ಯಾಯವೋ ನಾನರಿಯೆ.

ಸೈಕಲ್ ಸವಾರರಿಗೆ ಬೇರೆಯದೇ ಸಂಕಟ. ಬಣ್ಣದ ಗೆರೆ ಗಾಲಿಯನ್ನು ತಡೆಯುವುದಿಲ್ಲ, ಕಲ್ಲಿನ ಅಂಚು ತಡೆಯುತ್ತದೆ. ಆದರೆ ಒಳ್ಳೆಯ ಪಥವೂ ರಸ್ತೆಗಳು ಕೂಡುವ ಚೌಕದಲ್ಲಿ ಕರಗಿಹೋದರೆ, ತಿರುಗುವ ಲಾರಿ ಅಲ್ಲೇ ಸವಾರನನ್ನು ಅಡ್ಡಗಟ್ಟುತ್ತದೆ. ನೆದರ್ಲೆಂಡ್ಸ್‌ನವರು ಮೂಲೆಗೊಂದು ಪುಟ್ಟ ಕಲ್ಲಿನ ದ್ವೀಪವಿಟ್ಟು, ಸೈಕಲ್ ದಾಟುವ ಜಾಗವನ್ನು ಒಂದು ಕಾರಿನ ಉದ್ದದಷ್ಟು ಒಳಕ್ಕೆ ಸರಿಸಿದ್ದಾರೆ. ಕಾರು ಬಹುಮಟ್ಟಿಗೆ ತಿರುಗಿ ಮುಗಿಸಿದ ಮೇಲೆಯೇ ಸವಾರನು ಎದುರಾಗುವುದರಿಂದ ಕನ್ನಡಿಯ ಕುರುಡು ಮೂಲೆಯಲ್ಲಿ ಅಡಗದೆ ಮುಂದಿನ ಗಾಜಿನಲ್ಲೇ ಕಾಣಿಸಿಕೊಳ್ಳುತ್ತಾನೆ.

ಆ ದೇಶ ಹುಟ್ಟಿನಿಂದಲೇ ಹಾಗಿತ್ತೆಂದು ಭಾವಿಸುವುದೂ ಒಂದು ಮೂಢನಂಬಿಕೆ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು, 1973ರ ತೈಲ ಬಿಕ್ಕಟ್ಟು ಕಾರುಗಳಿಲ್ಲದ ಭಾನುವಾರಗಳನ್ನು ತೋರಿಸಿತು, ಡೆಲ್ಫ್ಟ್ ನಗರದಲ್ಲಿ ಅದಾಗಲೇ ಪ್ರಯೋಗಿಸಿದ್ದ, ಕಾರುಗಳು ನಡಿಗೆಯ ವೇಗದಲ್ಲಿ ಸಾಗಬೇಕಾದ ಅಂಗಳದಂತಹ ಬೀದಿಗೆ 1976ರಲ್ಲಿ ಕಾನೂನಿನ ಮಾನ್ಯತೆಯೂ ದೊರೆಯಿತು. ಸ್ವೀಡನ್ ಸಂಸತ್ತು 1997ರಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ ಕಟ್ಟುವ ಹೊಣೆ ಕಟ್ಟುವವರದು ಎಂಬ ತತ್ವವನ್ನು ಅಂಗೀಕರಿಸಿತು. 2019ರ ಇಡೀ ವರ್ಷದಲ್ಲಿ ನಾರ್ವೆಯ ರಾಜಧಾನಿ ಓಸ್ಲೋದ ಬೀದಿಗಳಲ್ಲಿ ಒಬ್ಬ ಪಾದಚಾರಿಯೂ ಒಬ್ಬ ಸೈಕಲ್ ಸವಾರನೂ ಸಾಯಲಿಲ್ಲ.

ಮೂಲೆಯನ್ನು ಎಷ್ಟು ಕಿರಿದುಗೊಳಿಸಬಹುದೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಚಳಿಯ ದೇಶಗಳಲ್ಲಿ ಹಿಮ ಬಿದ್ದ ಮರುದಿನ ಚೌಕದ ಚಿತ್ರ ತೆಗೆಯುವವರಿದ್ದಾರೆ. ಗಾಲಿಗಳು ತುಳಿಯದೆ ಬಿಟ್ಟ ಹಿಮ ಮೂಲೆಗಳಲ್ಲಿ ಬೆಳ್ಳಗೆ ಉಳಿದು, ವಾಹನಗಳಿಗೆ ಬೇಡವಾದ ನೆಲದ ನಕ್ಷೆಯನ್ನು ತಾನೇ ಬರೆದಿಟ್ಟಿರುತ್ತದೆ. ಹಿಮವಿಲ್ಲದ ಕಡೆ ಧೂಳು, ಮರಳು, ತರಗೆಲೆಗಳು ಅದೇ ಜಾಗಗಳಲ್ಲಿ ಬಂದು ಕೂರುತ್ತವೆ.